ಅಳಿಸಿದ ಅಳಿಯ

"ಈ ಶನಿವಾರ ಮುಗಿಯುವುದರೊಳಗೆ ನಮ್ಮ ಮನೆಯ ಕಂಪ್ಯೂಟರಿಗೆ ಮರುಜನ್ಮ ಕೊಡದಿದ್ದರೆ ನನ್ನ ಹೆಸರು ಬದಲಿಸಿಬಿಡು!"

ನಾನು ಹೀಗೆ ಘೋಷಿಸಿದಾಗ ಹೆಂಡತಿ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ತಿದ್ದುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ತಪ್ಪು ಲೆಕ್ಕಕ್ಕೆ ಅರ್ಧ ಅಂಕವನ್ನೂ ಕೊಡದ ಜಾತಿ. ಕೆಂಪು ಪೆನ್ನನ್ನು ಮೇಲೆತ್ತದೆಯೇ ಹೇಳಿದಳು:

"ಹೆಸರೂ ಬದಲಿಸೋದು ಬೇಡ, ಕಂಪ್ಯೂಟರೂ ಬದಲಿಸೋದು ಬೇಡ. ಯಾರಾದ್ರೂ ಗೊತ್ತಿರೋರನ್ನ ಕರೆಸಿ."

"ಗೊತ್ತಿರೋರು ನಿನ್ನ ಎದುರಿಗೇ ನಿಂತಿದಾರಲ್ಲ!"

"ಅದೇ ಭಯ."

ನನ್ನ ಧೈರ್ಯಕ್ಕೆ ಆಧಾರವೇ ಇರಲಿಲ್ಲ ಎನ್ನಬೇಡಿ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ನಾನೊಬ್ಬ ಗುಮಾಸ್ತ. ಒಮ್ಮೆ ಅಲ್ಲಿನ ಪ್ರಿಂಟರ್ ಉಸಿರು ನಿಲ್ಲಿಸಿ, ಇಡೀ ಕಚೇರಿ ಅದರ ಸುತ್ತ ಶೋಕಸಭೆ ನಡೆಸುತ್ತಿದ್ದಾಗ, ಗೋಡೆಯ ಪ್ಲಗ್ಗು ಸಡಿಲವಾಗಿದ್ದನ್ನು ಕಂಡು ಒಂದು ಗುದ್ದು ಕೊಟ್ಟವನು ನಾನೇ. ಪ್ರಿಂಟರು ಕೆಮ್ಮಿ ಎದ್ದು ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಗಳಿದವರು ಮಾರನೆಯ ದಿನವೇ ಮರೆತರು. ಹೊಗಳಿಸಿಕೊಂಡವನು ಮರೆಯಲಿಲ್ಲ. ಎಲ್ಲ ಅನಾಹುತಗಳ ಮೂಲ ಇಷ್ಟೇ ಇರುತ್ತದೆ.

ಈಗ ಕಂಪ್ಯೂಟರಿನ ವಿಷಯ. ಅದು ನನ್ನದೂ ಅಲ್ಲ, ಹೆಂಡತಿಯದೂ ಅಲ್ಲ. ಅದು ಮಾವನವರದು. ಸರಿಯಾಗಿ ಹೇಳಬೇಕೆಂದರೆ, ಅದು ಮಾವನವರ ನಾಲಿಗೆ.

ಮಾವ ಒಂದು ಮುದ್ರಣಾಲಯದಲ್ಲಿ ಅಕ್ಷರ ಜೋಡಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಮೊದಲು ಸೀಸದ ಅಚ್ಚುಮೊಳೆಗಳು, ಆಮೇಲೆ ಕಂಪ್ಯೂಟರು. ಕೈ ಕೆಲಸ ಮಾಡುತ್ತಿದ್ದಷ್ಟೇ ಹೊತ್ತು ಅವರ ಬಾಯಿಯೂ ಕೆಲಸ ಮಾಡುತ್ತಿತ್ತಂತೆ. ಅವರಿದ್ದ ಕೋಣೆಯಲ್ಲಿ ರೇಡಿಯೊ ಇಟ್ಟುಕೊಳ್ಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಅಂಥವರ ಗಂಟಲಿಗೇ ಗಂಟು ಬಂತು. ಆಪರೇಷನ್ ಮಾಡಿ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಬರೆದು ತೋರಿಸೋಣವೆಂದರೆ ಕೈ ನಡುಕ. ಪೆನ್ನು ಹಿಡಿದರೆ ಅಕ್ಷರಗಳು ಬೆದರಿದ ಇರುವೆಗಳ ಹಾಗೆ ದಿಕ್ಕಾಪಾಲಾಗುತ್ತಿದ್ದವು. ಮೊಬೈಲಿನ ಪುಟ್ಟ ಪರದೆಯಂತೂ ಮುಟ್ಟುವ ಮೊದಲೇ ಹತ್ತು ಅಕ್ಷರ ಹಾರಿಸುತ್ತಿತ್ತು. ಆದರೆ ಮುಂಗೈಯನ್ನು ಮೇಜಿಗೆ ಊರಿ ಕೀಲಿಮಣೆಯ ಮೇಲೆ ಬೆರಳಿಟ್ಟರೆ ಮಾತ್ರ ನಡುಕ ಎಲ್ಲಿ ಹೋಗುತ್ತಿತ್ತೋ! ಬೆರಳುಗಳಿಗೆ ತಮ್ಮ ತಮ್ಮ ಮನೆಯ ವಿಳಾಸ ಗೊತ್ತಿತ್ತು.

ಹಾಗಾಗಿ ಅವರು ನಮ್ಮ ಮನೆಗೆ ಬರುವಾಗ ಒಂದು ಟ್ರಂಕು ಬಟ್ಟೆ ಮತ್ತು ತಾವು ಬಳಸುತ್ತಿದ್ದ ಕಂಪ್ಯೂಟರನ್ನು ತಂದರು. ಅದರೊಳಗೆ ಹಳೆಯ ಕಾಲದ ಕನ್ನಡ ಟೈಪಿಂಗ್ ತಂತ್ರಾಂಶ. ಮುಂಕೋಣೆಯಲ್ಲಿ, ಅಡುಗೆಮನೆಗೆ ನೇರ ಕಾಣುವಂತೆ ಅದನ್ನು ಇಟ್ಟುಕೊಂಡರು. ಅವರು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡುವುದು, ಮಗಳು ಒಗ್ಗರಣೆ ಹಾಕುತ್ತಲೇ ಓದಿ ಅಲ್ಲಿಂದಲೇ ಉತ್ತರಿಸುವುದು. ಸಿಟ್ಟು ಬಂದರೆ ಒಂದೇ ಪದ ಪರದೆ ತುಂಬ ನಿಲ್ಲುತ್ತಿತ್ತು. ಮುನಿಸಿಕೊಂಡರೆ ಅಕ್ಷರ ಎಷ್ಟು ಚಿಕ್ಕದಾಗುತ್ತಿತ್ತೆಂದರೆ ನಾನು ಕನ್ನಡಕ ಹುಡುಕಿ ತಂದು ಮೂಗು ತಾಗಿಸಿ ಓದಬೇಕು.

ಒಮ್ಮೆ ನಾನು ಚಹಾ ಮಾಡಿ ಕೊಟ್ಟೆ. ಪರದೆಯ ಮೇಲೆ ಮೂಡಿತು: "ಅಳಿಯಂದಿರೇ, ಇದರಲ್ಲಿ ಸಕ್ಕರೆ ಇದೆಯೋ, ಸಕ್ಕರೆಯ ನೆನಪು ಮಾತ್ರ ಇದೆಯೋ?"

ಗಂಟಲು ಇದ್ದವರು ಹೀಗೆ ಮಾತಾಡುತ್ತಾರಾ ಹೇಳಿ!

ಆದರೆ ಯಂತ್ರಕ್ಕೂ ವಯಸ್ಸಾಗಿತ್ತು. ಮಾತಿನ ಮಧ್ಯೆ ಮರಗಟ್ಟಿ ನಿಲ್ಲುತ್ತಿತ್ತು. ಒಮ್ಮೆ "ಅಳಿಯಂದಿರೇ, ನೀವು ಮಾಡಿದ್ದು ಬಹಳ" ಎಂಬಲ್ಲಿಗೆ ನಿಂತುಬಿಟ್ಟು, ಮುಂದಿನದು 'ಒಳ್ಳೆಯದು' ಇರಬಹುದೋ 'ತಪ್ಪು' ಇರಬಹುದೋ ಎಂದು ನಾನು ಒಂದು ಮಧ್ಯಾಹ್ನವೆಲ್ಲ ಚಡಪಡಿಸಿದ್ದೆ. ಮೇಲಾಗಿ, ಶುರು ಮಾಡಿದಾಗಲೆಲ್ಲ "ನಿಮ್ಮ ಆವೃತ್ತಿ ಹಳೆಯದಾಗಿದೆ" ಎಂಬ ಎಚ್ಚರಿಕೆ ಬೇರೆ. ಮಾವ ಅದರ ಕೆಳಗೇ ಟೈಪ್ ಮಾಡಿದ್ದರು: "ನಾನೂ ಹಳೆಯದಾಗಿದ್ದೇನೆ. ಅದಕ್ಕೇನೀಗ?"

ನಮ್ಮ ಕಚೇರಿಯಲ್ಲಿ ಸುಲಭಣ್ಣ ಎಂಬೊಬ್ಬರಿದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಜಗತ್ತಿನ ಯಾವ ಕೆಲಸ ಹೇಳಿದರೂ "ಸುಲಭ ಸಾರ್" ಎನ್ನುವುದರಿಂದ ಈ ಹೆಸರು ನಿಂತಿದೆ. ನನ್ನ ಕಷ್ಟ ಕೇಳಿ ಅವರು ನಕ್ಕರು.

"ನಿಮ್ಮ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್ ಹೋಮ್ ಎಡಿಷನ್ ಸಾರ್. ಅದೂ ಮುತ್ತಾತನ ಕಾಲದ್ದು. ತೆಗೆದು ಪ್ರೊ ಹಾಕಿ. ಗಾಡಿ ಹಾರುತ್ತೆ!"

"ಕಷ್ಟ ಅಲ್ವಾ?"

"ಸುಲಭ ಸಾರ್! 'ಮುಂದೆ' ಅಂತ ಇರುತ್ತೆ, ಒತ್ತಿ. ಮತ್ತೆ 'ಮುಂದೆ', ಒತ್ತಿ. ಹಿಂದೆ ಮುಂದೆ ನೋಡ್ದೆ 'ಮುಂದೆ' ಒತ್ತುತ್ತಾ ಹೋಗಿ, ಅಷ್ಟೇ."

ಜೇಬಿನಲ್ಲಿ ಅವರು ಪ್ರೊ ತುಂಬಿಸಿಕೊಟ್ಟ ಪೆನ್‌ಡ್ರೈವ್ ಇಟ್ಟುಕೊಂಡು ಸಂಜೀವಿನಿ ಪರ್ವತ ಹೊತ್ತವನ ಗತ್ತಿನಲ್ಲಿ ಮನೆಗೆ ಬಂದೆ. ಸೌಜನ್ಯಕ್ಕೆಂದು ಮಾವನವರ ಅನುಮತಿಯನ್ನೂ ಕೇಳಿದೆ. "ಮಾವ, ನಿಮ್ಮ ಯಂತ್ರಕ್ಕೆ ಹೊಸ ರಕ್ತ ಹಾಕ್ತೀನಿ, ಆಗಬಹುದಾ?" ಅವರು ತಟಕ್ಕನೆ ಟೈಪ್ ಮಾಡತೊಡಗಿದರು. "ಬೇ" ಎಂಬಲ್ಲಿಗೆ ಯಂತ್ರ ಮರಗಟ್ಟಿತು.

"ನೋಡಿದ್ಯಾ? 'ಬೇಗ ಮಾಡಿ' ಅಂತಿದಾರೆ!" ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದೆ. 'ಬೇ'ಯಿಂದ ಶುರುವಾಗುವ ಇನ್ನೊಂದು ಪದ ಕನ್ನಡದಲ್ಲಿ ಇದೆ ಎಂಬುದು ಆಗ ನೆನಪಿಗೆ ಬರಲಿಲ್ಲ.

ಶನಿವಾರ ಮಾವನವರಿಗೆ ಆಸ್ಪತ್ರೆಯಲ್ಲಿ ತಪಾಸಣೆಯಿತ್ತು. ಹೆಂಡತಿ ರಜೆ ಹಾಕಿ ಕರೆದುಕೊಂಡು ಹೊರಟಳು. "ನೀವೂ ಬರ್ತೀರಾ?" ಎಂದಳು. ತಲೆನೋವಿನ ನೆಪ ಹೇಳಿದೆ. ಅವರ ಆಟೋ ತಿರುವು ದಾಟಿದ್ದೇ ತಡ, ಅಂಗಿಯ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತೆ.

ನಾನು ಪೂರ್ತಿ ದಡ್ಡನಲ್ಲ ಎಂಬುದಕ್ಕೆ ಒಂದು ಸಾಕ್ಷಿ ಇಲ್ಲೇ ದಾಖಲಾಗಲಿ: ಮೊದಲು ಮಾವನವರ ಕಡತಗಳನ್ನೂ ಫೋಟೋಗಳನ್ನೂ ಬೇರೆ ಕಡೆ ನಕಲು ಮಾಡಿಕೊಂಡೆ. ಮನೆ ಬದಲಿಸುವಾಗ ಪಾತ್ರೆ ಪಗಡೆ ಎಲ್ಲ ಕಟ್ಟಿಕೊಂಡು ಒಲೆಯನ್ನು ಮರೆತವನ ಹಾಗೆ, ಆ ಟೈಪಿಂಗ್ ತಂತ್ರಾಂಶದ ಯೋಚನೆಯೊಂದು ಮಾತ್ರ ತಲೆಗೆ ಬರಲಿಲ್ಲ.

ಯಂತ್ರ ಕೇಳಿತು: ಹಳೆಯದನ್ನೆಲ್ಲ ಅಳಿಸಲೇ?

ಅಳಿಸು.

ಖಚಿತವೇ? ಅಳಿಸಿದ್ದು ಮತ್ತೆ ಸಿಗುವುದಿಲ್ಲ.

ಪಾಪ, ಯಂತ್ರ ಎರಡೆರಡು ಸಲ ಕೇಳಿತು. ಮನುಷ್ಯರು ಅಷ್ಟೊಂದು ಕೇಳುವುದಿಲ್ಲ. ನಾನು ಶುಭಮುಹೂರ್ತದಲ್ಲಿ ಕ್ಷಿಪಣಿ ಹಾರಿಸುವವನಂತೆ ಬೆರಳೆತ್ತಿ ಒತ್ತಿದೆ. ಅಳಿಸಿದ ಅಳಿಯ! ಈ ಎರಡು ಪದಗಳು ಎಷ್ಟು ಹತ್ತಿರದ ನೆಂಟರೆಂದು, 'ಅಳಿಸು' ಎಂಬುದಕ್ಕೆ ಕಣ್ಣೀರು ಹಾಕಿಸುವ ಇನ್ನೊಂದು ಅರ್ಥವೂ ಇದೆಯೆಂದು ಆಮೇಲೆ ಹೊಳೆಯಿತು.

ಪರದೆಯ ಮೇಲಿನ ಪಟ್ಟಿ ತುಂಬುತ್ತಾ ಹೋಯಿತು. ನಾನು 'ಮುಂದೆ' ಒತ್ತುತ್ತಾ ಹೋದೆ. ಕೊನೆಗೆ ಯಂತ್ರ ಇಂಪಾದ ಸಂಗೀತದೊಂದಿಗೆ ಕಣ್ಣು ಬಿಟ್ಟಿತು. ಎಂಥ ವೇಗ! ಒತ್ತುವ ಮೊದಲೇ ತೆರೆಯುತ್ತಿತ್ತು. ನಾನು ಕೀಲಿಮಣೆಯ ದೂಳು ಒರೆಸಿ, ಕುರ್ಚಿಗೆ ತೊಳೆದ ಹೊದಿಕೆ ಹಾಕಿ, ಬಾಗಿಲಲ್ಲಿ ನಿಂತು ಕಾದೆ.

ಅವರು ಬಂದಾಗ ಊಟದ ಹೊತ್ತು. ಮಾವ ಎಂದಿನಂತೆ ಚಪ್ಪಲಿಯನ್ನು ಜೋಡಿಸಿಡಲಿಲ್ಲ. ಹೆಂಡತಿ ನೀರು ಕೊಡುತ್ತಾ ಕೇಳಿದಳು:

"ಈಗ ಹೇಳಿ ಅಪ್ಪ, ಡಾಕ್ಟ್ರು ಏನಂದ್ರು? ನಾನು ಔಷಧಿ ಕ್ಯೂನಲ್ಲಿದ್ದಾಗ ನಿಮ್ಮೊಬ್ರನ್ನೇ ಒಳಗೆ ಕೂರಿಸ್ಕೊಂಡು ಅಷ್ಟು ಹೊತ್ತು ಏನು ಮಾತಾಡಿದ್ರು? ದಾರಿ ಪೂರ್ತಿ 'ಮನೇಲಿ, ಮನೇಲಿ' ಅಂತ ಕೈ ಮಾಡ್ತಾ ಬಂದ್ರಲ್ಲ."

"ಎಲ್ಲ ಆಮೇಲೆ! ಮೊದಲು ಇಲ್ಲಿ ನೋಡಿ!" ಎಂದು ನಾನು ಪರದೆಯ ಮೇಲಿನ ಟವೆಲನ್ನು ಎಳೆದೆ. "ಮಾವ, ಇನ್ಮೇಲೆ ನಿಮ್ಮ ಮಾತು ತಡೆಯೋರೇ ಇಲ್ಲ!"

ಅವರು ನನ್ನತ್ತ ಸುಸ್ತಿನ ನಗೆ ನಕ್ಕು ಕುರ್ಚಿಯಲ್ಲಿ ಕೂತರು. ನಾನೇ ಬರೆಯುವ ಪುಟ ತೆರೆದುಕೊಟ್ಟೆ. ಅವರು ಮುಂಗೈ ಊರಿ, ಬೆರಳು ಇಟ್ಟು, ಪರದೆಯ ಕಡೆಗೆ ನೋಡದೆ ಮಗಳ ಮುಖವನ್ನೇ ನೋಡುತ್ತಾ ಟೈಪ್ ಮಾಡತೊಡಗಿದರು. ಬಹಳ ಹೊತ್ತು ಟೈಪ್ ಮಾಡಿದರು. ಮಧ್ಯೆ ಒಮ್ಮೆ ನಿಲ್ಲಿಸಿ ಕಣ್ಣೊರೆಸಿಕೊಂಡು ಮತ್ತೆ ಮುಂದುವರಿಸಿದರು. ಕೊನೆಗೆ ಕೈ ಎತ್ತಿ, 'ಓದು' ಎನ್ನುವಂತೆ ಗಲ್ಲ ಅಲ್ಲಾಡಿಸಿದರು.

ಅವಳು ಬಗ್ಗಿ ನೋಡಿದಳು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಯಾವ ಇಂಗ್ಲಿಷರಿಗೂ ಅರ್ಥವಾಗದ ಇಂಗ್ಲಿಷ್! ನಡುನಡುವೆ ಕಂಸ, ಕೊಕ್ಕೆ, ಚುಕ್ಕಿ.

ನಾನು ನಕ್ಕುಬಿಟ್ಟೆ. "ಇದ್ಯಾವ ಭಾಷೆ ಮಾವ? ಚಂದ್ರಲೋಕದ್ದಾ?"

ಅವರು ಪರದೆ ನೋಡಿದರು. ಎಲ್ಲವನ್ನೂ ಅಳಿಸಿ ಮತ್ತೆ ಟೈಪ್ ಮಾಡಿದರು, ಈ ಸಲ ಒಂದೊಂದೇ ಕೀಲಿಯನ್ನು ನೋಡಿ, ನಿಧಾನಕ್ಕೆ. ಮತ್ತದೇ ಕೊಕ್ಕೆ, ಚುಕ್ಕಿ. ಆಗ ಅವರು ಕೈಗಳನ್ನು ಮೇಲೆತ್ತಿ ಕಣ್ಣ ಹತ್ತಿರ ತಂದುಕೊಂಡು ನೋಡಿದರು. ತಿರುಗಿಸಿ ಅಂಗೈ ನೋಡಿದರು. ಆಮೇಲೆ ಮೆಲ್ಲಗೆ ತಮ್ಮ ಹಣೆಯನ್ನು ಮುಟ್ಟಿಕೊಂಡು, ಹೆದರಿದ ಕಣ್ಣುಗಳಲ್ಲಿ ಮಗಳನ್ನು ನೋಡಿದರು.

ತಲೆ ಕೆಟ್ಟಿದ್ದು ತಮ್ಮದೇ ಎಂದುಕೊಂಡಿದ್ದರು ಅವರು.



"ನೀವಲ್ಲಪ್ಪ, ನೀವಲ್ಲ!" ಹೆಂಡತಿ ಅವರ ಕೈಗಳನ್ನು ಹಿಡಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಏನು ಮಾಡಿದ್ರಿ?"

"ಏನಿಲ್ಲ, ಹೋಮ್ ತೆಗೆದು..."

"ಹೋಮ್ ತೆಗೆದು?"

"ಪ್ರೊ ಹಾಕಿದೆ."

"ಹೋಮ್ ತೆಗೆದು ಹೋಮ ಮಾಡಿಬಿಟ್ರಿ ಅನ್ನಿ!"

ಮಾವನವರ ಹಳೆಯ ಕಡತಗಳನ್ನು ತೆರೆದೆ. ಭದ್ರವಾಗಿ ಉಳಿಸಿದ್ದೆನಲ್ಲ! ಎಲ್ಲವೂ ಭದ್ರವಾಗಿದ್ದವು, ಎಲ್ಲವೂ ಅದೇ ಚಂದ್ರಲೋಕದ ಲಿಪಿಯಲ್ಲಿ. ಟ್ರಂಕಿನ ತಳದಿಂದ ತಂತ್ರಾಂಶದ ಹಳೆಯ ಸಿ.ಡಿ. ಹುಡುಕಿ ಹಾಕಿದರೆ, ಹೊಸ ಯಂತ್ರ ಮೂಗು ಮುರಿಯಿತು: ಇದು ಈ ಆವೃತ್ತಿಯಲ್ಲಿ ನಡೆಯುವುದಿಲ್ಲ. ಇಡೀ ಪೆಟ್ಟಿಗೆಯನ್ನು ತಬ್ಬಿಕೊಂಡು ಕಂಪ್ಯೂಟರ್ ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯ ಹುಡುಗಿ ಸಿ.ಡಿ.ಯನ್ನು ಬೆಳಕಿಗೆ ಹಿಡಿದು ಶಾಸನ ನೋಡುವವಳಂತೆ ನೋಡಿದಳು.

"ಇದು ನಾನು ಹುಟ್ಟೋಕೆ ಮುಂಚಿನದು ಅಂಕಲ್."

"ಹಾಗಾದ್ರೆ ಹಳೇ ಆವೃತ್ತಿನೇ ವಾಪಸ್ ಹಾಕಮ್ಮ."

"ಅದು ನಿಮ್ಮ ಮಶೀನಲ್ಲಿ ಇತ್ತಲ್ಲ, ಅದೊಂದೇ ಇದ್ದದ್ದು. ನಮ್ಮ ಹತ್ರ ಇಲ್ಲ. ಹೊಸ ಕನ್ನಡ ಕೀಬೋರ್ಡ್ ಹಾಕ್ಕೊಡ್ತೀನಿ, ಕಲಿತ್ಕೋತಾರೆ ಬಿಡಿ."

ಹೊಸ ಕನ್ನಡ ಬಂತು. ಆದರೆ ಅದರಲ್ಲಿ ಪ್ರತಿಯೊಂದು ಅಕ್ಷರವೂ ಮನೆ ಬದಲಿಸಿತ್ತು. ಮಾವನವರ ಬೆರಳು ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತಿತ್ತು, ಒಳಗಿನಿಂದ ಇನ್ಯಾರೋ ಎದ್ದು ಬರುತ್ತಿದ್ದರು. ಮಗಳ ಹೆಸರನ್ನು ಟೈಪ್ ಮಾಡಲು ಹೋಗಿ ಬೈಗುಳದಂಥದ್ದೇನೋ ಮೂಡಿತು. ಅವರು ಪ್ರಯತ್ನಪಟ್ಟರು, ಇಲ್ಲವೆನ್ನಲಾರೆ. ಪಾಠ ಕಲಿಯುವ ಹುಡುಗನ ಹಾಗೆ ಬೆನ್ನು ಬಗ್ಗಿಸಿ ಕೂತು ಪ್ರಯತ್ನಪಟ್ಟರು. ಆಮೇಲೊಂದು ಬೆಳಿಗ್ಗೆ ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮತ್ತೆ ಮೇಲಿಡಲಿಲ್ಲ.

ಹೆಂಡತಿ ಶಾಲೆಯಿಂದ ಅಕ್ಷರಮಾಲೆಯ ಚಾರ್ಟು ತಂದಳು. ಅ ಎಂದರೆ ಅಳಿಲು, ಆ ಎಂದರೆ ಆನೆ, ಅಂಥದ್ದು. ಮಾವ ಬೆರಳಿಟ್ಟು ತೋರಿಸಬೇಕು, ನಾವು ಕೂಡಿಸಿ ಓದಬೇಕು. ಆದರೆ ಗಾಳಿಯಲ್ಲಿ ಎತ್ತಿದ ಬೆರಳಿಗೆ ನಡುಕ. ಒಂದು ಮನೆಗೆ ಹೊರಟದ್ದು ಮೂರು ಮನೆ ಸುತ್ತಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಬೆರಳು 'ದ'ದ ಸುತ್ತ ತೂಗಾಡಿ 'ನ'ದ ಮೇಲೆ ಕೂತಿತು, ಆಮೇಲೆ 'ಬ'.

"ಗೊತ್ತಾಯ್ತು! ನಿಂಬೆ!" ಎಂದು ನಾನು ಅಡುಗೆಮನೆಗೆ ಜಿಗಿದು ನಿಂಬೆಹಣ್ಣು ತಂದು ಅವರ ಕೈಗಿಟ್ಟೆ.

ಅವರು ನಿಂಬೆಹಣ್ಣನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಅದನ್ನು ಕತ್ತಿನ ಹಿಂದೆ ಇಟ್ಟುಕೊಂಡು, ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡರು.

"ದಿಂಬು ಕೇಳಿದ್ದು ಕಣ್ರೀ!" ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಮಾವನವರ ಭುಜವೂ ಸದ್ದಿಲ್ಲದೆ ಕುಲುಕಿತು. ನಗುತ್ತಾ ನಗುತ್ತಾ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಆ ಮುಖ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ.

ಡಾಕ್ಟರ ಮಾತನ್ನು ಅವಳು ಚಾರ್ಟು ಹಿಡಿದು ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ ಮಾವ ಚಾರ್ಟನ್ನು ಮೆತ್ತಗೆ ಪಕ್ಕಕ್ಕೆ ಸರಿಸಿ ಕೈಯಾಡಿಸುತ್ತಿದ್ದರು: ಆಮೇಲೆ, ಆಮೇಲೆ. ಡಾಕ್ಟರಿಗೇ ಫೋನ್ ಮಾಡಲು ಹೊರಟರೆ ಅವಳ ಕೈ ಹಿಡಿದು ತಡೆಯುತ್ತಿದ್ದರು. "ಏನೂ ಇಲ್ಲ ಅಂತಲೇ ಇರ್ಬೇಕು ಬಿಡು" ಎಂದೆ ನಾನು. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು. ಆನೆ, ಅಳಿಲುಗಳ ಮೇಲೆ ಬೆರಳಿಟ್ಟು ಹೇಳುವಂಥ ಸಂಗತಿ ಅದಲ್ಲ ಎಂದು ನಾನು ತಿಳಿಯಬೇಕಿತ್ತು.

ತಿಳಿದದ್ದು ಒಂದು ಸಂಜೆ, ಅವಳು ಹಿಟ್ಟು ನಾದುತ್ತಿದ್ದಾಗ. ಅವಳ ಮೊಬೈಲು ಬಡಿದುಕೊಂಡಿತು. "ಆಸ್ಪತ್ರೆಯವ್ರು, ಕಿವಿ ಹತ್ರ ಹಿಡೀರಿ" ಎಂದಳು. ಹಿಡಿಯುವ ಗಡಿಬಿಡಿಯಲ್ಲಿ ನನ್ನ ಹೆಬ್ಬೆರಳು ಯಾವುದೋ ಗುಂಡಿಗೆ ತಾಗಿ ಡಾಕ್ಟರ ಧ್ವನಿ ಮನೆಯ ತುಂಬ ಮೊಳಗಿತು.

"ಏನು ತೀರ್ಮಾನ ಮಾಡಿದ್ರಿ ಮೇಡಂ? ಎರಡನೇ ಆಪರೇಷನ್ ಬೇಡ ಅಂತ ನಿಮ್ಮ ತಂದೆ ಅವತ್ತೇ ತಲೆ ಆಡಿಸಿದ್ರು. ಮನೇಲೂ ಮಾತಾಡಿ ನೋಡ್ಲಿ ಅಂತ ಕಾಯ್ತಿದ್ದೆ."

"ಯಾವ ಆಪರೇಷನ್?"



"ಅವರು ಹೇಳಲಿಲ್ವಾ? ಗಂಟು ಮತ್ತೆ ಬಂದಿದೆ ಅಂತ? ನಿಮ್ಮನ್ನ ಒಳಗೆ ಕರೆಸ್ತೀನಿ ಅಂದೆ. ಬೇಡ, ನಾನೇ ಹೇಳ್ತೀನಿ ಅಂತ ಎದೆ ಮುಟ್ಕೊಂಡು, ಗಾಳೀಲಿ ಹೀಗೆ ಟೈಪ್ ಮಾಡಿ ತೋರಿಸಿದ್ರಲ್ಲ..."

ನಾನು ಗುಂಡಿ ಹುಡುಕುತ್ತಿದ್ದೆ. ಸಿಗಲಿಲ್ಲ. ತಲೆ ಎತ್ತಿದರೆ ಮಾವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಾವು ಹೇಳಬೇಕೆಂದು ಎದೆಯಲ್ಲಿ ಇಟ್ಟುಕೊಂಡು ಬಂದ ಮಾತನ್ನು ಒಂದು ಡಬ್ಬಿ ಕಿರುಚಿ ಹೇಳಿಬಿಟ್ಟಿತ್ತು. ಅವರು ಮಗಳ ಹಿಟ್ಟಿನ ಕೈಗಳನ್ನು ನೋಡಿದರು. ಏನೋ ಹೇಳಲು ಬೆರಳು ಮಿಸುಕಿದವು. ಮಿಸುಕಿ, ಸುಮ್ಮನಾದವು. ತಿರುಗಿ ಮೆಲ್ಲಗೆ ನಡೆದು ಹೋದರು.

ಅವಳು ಒಲೆ ಆರಿಸಿದಳು. ಕೈ ತೊಳೆದುಕೊಂಡಳು. ನನ್ನನ್ನು ಬೈಯಲಿಲ್ಲ. ನಾನು ಕಾದೆ. ಪಾತ್ರೆ ಎತ್ತಿಟ್ಟಳು, ಬಟ್ಟೆ ಮಡಚಿದಳು, ಬೈಯಲಿಲ್ಲ.

"ಬೈದುಬಿಡು ಮಾರಾಯ್ತಿ" ಎಂದೆ.

"ಬೈದ್ರೆ ನಿಮಗೆ ಹಗುರ ಆಗುತ್ತೆ" ಎಂದಳು. "ಅದಕ್ಕೇ ಬೈಯಲ್ಲ."

ಮರುದಿನ ಕಚೇರಿಯಲ್ಲಿ ಸುಲಭಣ್ಣ "ಹೆಂಗಿದೆ ಸಾರ್ ಪ್ರೊ?" ಎಂದು ಕೇಳಿದರು. ನಾನು ಅರ್ಧ ದಿನದ ರಜೆ ಹಾಕಿ, ಮಾವನವರು ಕೆಲಸ ಮಾಡುತ್ತಿದ್ದ ಮುದ್ರಣಾಲಯವನ್ನು ಹುಡುಕಿಕೊಂಡು ಹೊರಟೆ. ಈ ಬುದ್ಧಿ ಮೊದಲ ದಿನವೇ ಯಾಕೆ ಬರಲಿಲ್ಲವೋ! ಓಣಿಯ ಕೊನೆಯಲ್ಲಿ ಮುದ್ರಣಾಲಯ ಇನ್ನೂ ಇತ್ತು. ಈಗ ಅಲ್ಲಿ ನಗುವ ಮುಖಗಳ ಫ್ಲೆಕ್ಸುಗಳನ್ನು ಮಾಡುತ್ತಿದ್ದರು. ಮಾವ ಯಾವಾಗಲೂ 'ಯಜಮಾನರು' ಎಂದೇ ಕರೆಯುತ್ತಿದ್ದ ಮುದುಕ ಬಾಗಿಲ ಬಳಿ ಕಾಗದದ ಅಂಚು ಕತ್ತರಿಸುತ್ತಿದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕತ್ತರಿ ಕೆಳಗಿಟ್ಟರು.

"ಅವನ ಮಾತು ನಿಲ್ಲಿಸೋಕೆ ನಾನು ಆಯುಷ್ಯಪೂರ್ತಿ ಒದ್ದಾಡಿದೀನಿ, ಆಗ್ಲಿಲ್ಲ" ಎಂದರು. "ನೀವು ಒಂದೇ ಬೆಳಿಗ್ಗೇಲಿ ಮಾಡಿಬಿಟ್ರಲ್ಲ!"

ಹಿಂದಿನ ಕೋಣೆಯಲ್ಲಿ, ಹಾಸುಬಟ್ಟೆ ಹೊದಿಸಿದ ಒಂದು ಯಂತ್ರವಿತ್ತು. ಮಾವನವರದ್ದರ ಅವಳಿ. ಹಳೆಯ ಗಿರಾಕಿಗಳು ಯಾರಾದರೂ ಬಂದರೆ ಬೇಕಾಗುತ್ತದೆಂದು ಉಳಿಸಿಕೊಂಡಿದ್ದರಂತೆ.

"ಇದಕ್ಕೆ ಇಂಟರ್ನೆಟ್ ಅನ್ನೋದನ್ನೇ ತೋರಿಸಿಲ್ಲ. ಕೆಟ್ಟ ಸಹವಾಸ" ಎಂದರು. ನಾನು ಎತ್ತಿಕೊಳ್ಳಲು ಬಗ್ಗಿದೆ. "ತಾಳಿ. ನಾನೇ ಬಂದು ಜೋಡಿಸ್ತೀನಿ. ನೀವು ಆಟೋ ಕರೀರಿ, ಅಷ್ಟು ಸಾಕು."

ನಾನು ಆಟೋ ಕರೆದೆ. ಆ ಕೆಲಸವನ್ನು ಯಾವ ಅನಾಹುತವೂ ಇಲ್ಲದೆ ಮುಗಿಸಿದೆ.

ಯಜಮಾನರು ತಂತಿ ಸಿಕ್ಕಿಸಿದರು. ಯಂತ್ರ ಗೊರಗೊರ ಎಂದು ಎದ್ದಿತು. ಮಾವ ಕೂತು, ಮುಂಗೈ ಊರಿ, ಒಂದು ಕೀಲಿ ಒತ್ತಿದರು. 'ಅ' ಬಂತು. ಇನ್ನೆರಡು ಕೀಲಿ. 'ಮ್ಮ' ಬಂತು. ಅವರು ಅದನ್ನೇ ನೋಡುತ್ತಾ ಕೂತರು, ಅಳಿಸಲಿಲ್ಲ. ಯಜಮಾನರು ಮೂಗು ಸೀಟಿಕೊಳ್ಳುವ ನೆಪದಲ್ಲಿ ಕಿಟಕಿಯ ಕಡೆ ತಿರುಗಿದರು. ಮಗಳು ಶಾಲೆಯಿಂದ ಬಂದು, ಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತಳು.

ಪರದೆಯ ಮೇಲೆ ಮೂಡಿತು: "ಅಳಿಯಂದಿರೇ, ಸ್ವಲ್ಪ ಹೊರಗೆ ನಿಲ್ಲುತ್ತೀರಾ? ಮಗಳ ಹತ್ತಿರ ಮಾತಾಡುವುದಿದೆ."

ಯಜಮಾನರೂ ನಾನೂ ಮೆಟ್ಟಿಲ ಮೇಲೆ ಕೂತೆವು. ಮುಚ್ಚಿದ ಬಾಗಿಲಿನಾಚೆ ಕೀಲಿಗಳ ಸದ್ದು. ನಿಲ್ಲುವುದು, ಮತ್ತೆ ಶುರುವಾಗುವುದು. ನಡುವೆ ಅವಳ ಧ್ವನಿ: "ಇಲ್ಲಪ್ಪ... ಹಾಗಲ್ಲಪ್ಪ... ಇನ್ನೊಂದು ಸಲ ನೋಡೋಣಪ್ಪ..." ಮತ್ತೆ ಕೀಲಿಗಳು, ಬಹಳ ಹೊತ್ತು. ಆಮೇಲೆ ಅವಳ ಧ್ವನಿಯೂ ಇಲ್ಲ.

"ಅವನು ಏನಾದ್ರೂ ನಿರ್ಧಾರ ಮಾಡಿದ್ರೆ ಮುಗೀತು" ಎಂದರು ಯಜಮಾನರು ತಮ್ಮಷ್ಟಕ್ಕೆ. "ಪ್ರೂಫ್ ತಿದ್ದೋಕೂ ಬಿಡ್ತಿರಲಿಲ್ಲ."

ಒಳಗೆ ಏನು ಮಾತಾಯಿತೆಂದು ನನಗೆ ಪೂರ್ತಿ ಗೊತ್ತಿಲ್ಲ, ಕೇಳುವ ಹಕ್ಕೂ ಇರಲಿಲ್ಲ. ಪಾತ್ರೆ ತೊಳೆಯುತ್ತಾ ಅವಳೇ ಒಂದು ತುಣುಕು ಹೇಳಿದಳು:

"'ನಿನಗೆ ಗೊತ್ತಾಗಿಬಿಟ್ಟಿದೆ, ಆದ್ರೂ ಮೊದಲ ಸಲ ಕೇಳೋ ಹಾಗೆ ಕೇಳಿಸ್ಕೋ, ನಾನು ಹೇಳಬೇಕು' ಅಂದ್ರು. ಕೇಳಿಸ್ಕೊಂಡೆ." ತಟ್ಟೆಯನ್ನು ಎರಡನೆಯ ಸಲ ತೊಳೆದಳು. "ಆದ್ರೆ ನನಗೆ ನಾಟಕ ಬರಲ್ಲ ಕಣ್ರೀ. ಅವರಿಗೆ ಗೊತ್ತಾಗೋಯ್ತು."

ಆಪರೇಷನ್ ಆಗಲಿಲ್ಲ. ಮಾವ ಮತ್ತೆ ಮಾತಾಡತೊಡಗಿದರು. ನನ್ನ ಚಹಾವನ್ನು ಬೈದರು, ಸುದ್ದಿ ಓದುವವಳ ಉಚ್ಚಾರ ತಿದ್ದಿದರು. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಪರದೆಯ ಮೇಲೆ ಯಾವಾಗಲೂ ಒಂದು ಸಾಲು ಕಾಯುತ್ತಿರುತ್ತಿತ್ತು. ಆ ಯಂತ್ರದ ಹತ್ತಿರ ನಾನು ಕಸಬರಿಗೆ ಹಿಡಿದೂ ಹೋಗುತ್ತಿರಲಿಲ್ಲ. ಆದರೆ ದಿನ ಕಳೆದಂತೆ ಸಾಲುಗಳು ಗಿಡ್ಡವಾದವು. ಒಂದು ಪದ ಟೈಪ್ ಮಾಡಿ ಸುಧಾರಿಸಿಕೊಳ್ಳುವಂತಾಯಿತು. ಮಳೆಗಾಲ ಮುಗಿಯುವ ಮೊದಲೇ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಅವರು ಮನೆಗೆ ಮರಳಲಿಲ್ಲ.

ಆಸ್ಪತ್ರೆಯ ಆ ವಾರ್ಡಿಗೆ ಕಂಪ್ಯೂಟರು ಒಯ್ಯುವ ಹಾಗಿರಲಿಲ್ಲ. ಒಯ್ದಿದ್ದರೂ ಕೂರುವ ಶಕ್ತಿ ಅವರಿಗಿರಲಿಲ್ಲ. ಒಂದು ಬದಿಗೆ ಮಗಳು, ಇನ್ನೊಂದು ಬದಿಗೆ ನಾನು. ಮೌನ ನನಗೆ ತಡೆಯುವುದಿಲ್ಲ. ಅವರ ಪಾಲಿನ ಮಾತನ್ನೂ ನಾನೇ ಆಡತೊಡಗಿದೆ. ಕಚೇರಿಯ ಸುದ್ದಿ, ನಲ್ಲಿಯಲ್ಲಿ ಕೆಸರು ಬಂದ ದೂರು, ಕ್ಯಾಂಟೀನಿನ ಇಡ್ಲಿ... ಮುಗಿದಾಗ, ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ತಾನಾಗಿಯೇ ಹೊರಬಿತ್ತು.

"ಮಾವ, ಅವತ್ತು ನಾನು ಆ ಗುಂಡಿ ಒತ್ತಬಾರದಿತ್ತು. ನೀವು ಹೇಳಬೇಕಾದ ಮಾತನ್ನ ಹೇಳೋಕೆ ಬಿಡಲಿಲ್ಲ ನಾನು. ನನ್ನನ್ನ ಕ್ಷಮಿಸಿಬಿಡಿ. ಕ್ಷಮಿಸದೇ ಇದ್ರೂ ಪರವಾಗಿಲ್ಲ. ಆದ್ರೆ ಕ್ಷಮಿಸಿದ್ರೆ ಒಳ್ಳೇದು. ಈಗ್ಲೇ ಅಂತೇನಿಲ್ಲ, ನಿಧಾನಕ್ಕೆ ಯೋಚನೆ ಮಾಡಿ... ಅಂದ್ರೆ ನಿಧಾನಕ್ಕೆ ಅಂದ್ರೆ... ನಾನು ಹೇಳಿದ್ದು ಏನಂದ್ರೆ..."

ಮಾವ ಕಣ್ಣು ತೆರೆದರು. ನನ್ನ ಕೈಯನ್ನು ಹುಡುಕಿ ಹಿಡಿದು, ಅಂಗೈ ಬಿಡಿಸಿ, ತೋರುಬೆರಳಿನಿಂದ ಅದರ ಮೇಲೆ ಬರೆಯತೊಡಗಿದರು. ಬೆರಳು ನಡುಗಲಿಲ್ಲ. ನಡುಗುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

"ಸು... ಸುಖವಾಗಿರಿ? ಆಶೀರ್ವಾದ ಮಾಡ್ತಿದೀರಾ ಮಾವ?"

ದಿಂಬಿನ ಮೇಲೆ ತಲೆ ಎಡಕ್ಕೂ ಬಲಕ್ಕೂ ಹೊರಳಿತು. ಬೆರಳು ಮತ್ತೆ ಚಲಿಸಿತು.

"ಸುಮ್ನೆ... ಸುಮ್ನೆ ಬೇಜಾರು ಮಾಡ್ಕೋಬೇಡಿ ಅಂತಾನಾ?"

"ಇನ್ನೂ ಮುಗಿದಿಲ್ಲ ತಾಳ್ರೀ" ಎಂದಳು ಹೆಂಡತಿ. ಅವಳು ನನ್ನ ಅಂಗೈಯ ಮೇಲೆ ಬಗ್ಗಿ ಆ ಬೆರಳನ್ನೇ ನೋಡುತ್ತಿದ್ದಳು. ಬೆರಳು ಕೊನೆಯ ಅಕ್ಷರ ಬರೆದು, ಅದಕ್ಕೆ ಉದ್ದನೆಯ ಓತ್ವ ಎಳೆದು ನಿಂತಿತು. ಅವಳ ಮುಖದಲ್ಲಿ ಬಹಳ ದಿನಗಳಿಂದ ಕಾಣದ ನಗೆಯೊಂದು ಮೂಡಿತು.

"'ಸುಮ್ನಿರೋ' ಅಂತಿದಾರೆ."

"'ಸುಮ್ನಿರಿ' ಇರ್ಬೇಕು, ಸರಿಯಾಗಿ ನೋಡು. ಮದುವೆಯಾದಾಗಿಂದ ಮಾವ ನನ್ನನ್ನ ಒಂದು ದಿನಾನೂ ಏಕವಚನದಲ್ಲಿ..."

ಮಾವ ನನ್ನ ಅಂಗೈಯನ್ನು ಒತ್ತಿ ಹಿಡಿದು ಕೊನೆಯ ಅಕ್ಷರವನ್ನು ಇನ್ನೊಮ್ಮೆ ಬರೆದರು. ರೋ.

ಸುಮ್ಮನಾದೆ.